ಸೋಮವಾರದ ಧರ್ಮ

ಕನ್ನಡನಾಡಿನ ಕ್ರೈಸ್ತ ಮಿಷನ್ನುಗಳ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಶಾಲೆ, ಆಸ್ಪತ್ರೆ, ನಿಘಂಟು ಇವುಗಳ ಮಾತನ್ನಾಡಿ ಮುಗಿಸಿಬಿಡುತ್ತೇವೆ. ಅವು ಹೇಳತಕ್ಕ ಸಂಗತಿಗಳೇ, ಸಂದೇಹವಿಲ್ಲ. ಆದರೆ ಇಂದು ನಾವು ವಿಚಾರಮಾಡಬೇಕೆಂದಿರುವುದು ತುಸು ಒರಟಾದ ಒಂದು ಪ್ರಶ್ನೆ. ಹೊಸದೊಂದು ನಂಬಿಕೆಯನ್ನು ಹಿಡಿದ ಮನುಷ್ಯನು ಮರುದಿನ ಬೆಳಗ್ಗೆ ಯಾವ ಕೆಲಸಕ್ಕೆ ಹೋದನು? ಭಾನುವಾರ ದೇವಾಲಯದಲ್ಲಿ ಕೇಳಿದ ಮಾತು ಸೋಮವಾರ ಮಗ್ಗದ ಗುಂಡಿಯಲ್ಲಿ, ಹೆಂಚಿನ ಆವಿಗೆಯ ಮುಂದೆ, ಗೌಡನ ಕಣದಲ್ಲಿ ಏನಾಯಿತು?

ಈ ಪ್ರಶ್ನೆಯನ್ನು ನಾವು ರಾಯಚೂರಿನ ಸೀಮೆಯಿಂದಲೇ ಆರಂಭಿಸಬಹುದು. ಕೃಷ್ಣೆಗೂ ತುಂಗಭದ್ರೆಗೂ ನಡುವಣ ದೋಆಬು ಇದು; ರಾಯಚೂರಿನಿಂದ ತೆಂಕಲಾಗಿ ತುಂಗಭದ್ರೆಯ ಕಡೆಗೆ ಹೊರಟರೆ ದಾರಿಯಲ್ಲಿ ಯರಗೇರಾ ಸಿಕ್ಕುತ್ತದೆ. ಜೋಳ ಹತ್ತಿಗಳ ನಾಡು, ಮೇಲುಮುದ್ದೆಯ ಮಾಳಿಗೆಮನೆಗಳ ನಾಡು. ಈ ಸೀಮೆಯ ಚರಿತ್ರೆಯಲ್ಲಿ ಕ್ರೈಸ್ತರು ಮೊದಮೊದಲು ಕಾಣಿಸಿಕೊಳ್ಳುವ ಬಗೆ ವಿನೋದವಾಗಿದೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ಟೋವಾನ್ ದ ಫಿಗೈರೆದೊ ಎಂಬ ಪೋರ್ಚುಗೀಸನು ಕುದುರೆ ಮಾರಲು ಬಂದಿದ್ದವನು, ತನ್ನ ಜೊತೆಯ ಇಪ್ಪತ್ತು ಮಂದಿ ಕೋವಿಕಾರರೊಡನೆ ರಾಯನಿಗೆ ನೆರವಾಗಿ, ಗೋಡೆಯ ಮೇಲೆ ತಲೆಯೆತ್ತಿದವರನ್ನು ಹೊಡೆದುರುಳಿಸಿದನೆಂದು ನೂನಿಜ್ ಬರೆದಿದ್ದಾನೆ. ಆತನ ಧರ್ಮಕ್ಕೂ ಆತನ ಕಸುಬಿಗೂ ಏನು ನಂಟೆಂದು ಯಾರೂ ಕೇಳಲಿಲ್ಲ. ಕುದುರೆ ಚೆನ್ನಾಗಿದ್ದಿತು, ಗುರಿ ತಪ್ಪುತ್ತಿರಲಿಲ್ಲ, ಅಷ್ಟು ಸಾಕಾಗಿದ್ದಿತು.

ಹಾಗೆಂದು ಆ ಪ್ರಶ್ನೆಯೇ ಈ ನೆಲಕ್ಕೆ ಹೊಸದಾಗಿತ್ತೆ? ಅದೂ ಇಲ್ಲ. ಇದೇ ದೋಆಬಿನ ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಎಂದು ಪರಂಪರೆ ಹೇಳುತ್ತದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಹೆಂಡತಿ ಹಿಂದಕ್ಕೆ ಕಳುಹಿದಳಂತೆ. ಹನ್ನೆರಡನೆಯ ಶತಮಾನದಲ್ಲಿ ಈ ಮಾತನ್ನು ಕೇಳಿದ್ದ ಕಿವಿಗೆ, ದುಡಿಮೆಯೂ ದೇವರ ಲೆಕ್ಕದಲ್ಲಿ ಸೇರುತ್ತದೆಂಬ ಉಪದೇಶವು ಕಡಲಾಚೆಯ ಸರಕಾಗಿ ತೋರಿರಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಪಾದ್ರಿಗಳಿಗೆ ಇದು ಎಷ್ಟರಮಟ್ಟಿಗೆ ತಿಳಿದಿತ್ತೋ, ಅದು ಬೇರೆ ಮಾತು.

ಈ ಪ್ರಶ್ನೆಯನ್ನು ಮುಖಾಮುಖಿಯಾಗಿ ಎದುರಿಸಿದವರು ಕನ್ನಡನಾಡಿನಲ್ಲಿ ಬಾಸೆಲ್ ಮಿಷನ್ನಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಘ ಅದು. 1833ರ ಸನ್ನದಿನಿಂದ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಕಂಪನಿಯ ಸೀಮೆಯಲ್ಲಿ ಬಾಗಿಲು ತೆರೆಯಿತು. ಮರುವರ್ಷ, 1834ರ ಅಕ್ಟೋಬರ್ 30ರಂದು, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ಮುಟ್ಟಿದರು. ಈ ಸಂಘದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನ ಹಳ್ಳಿ ಪೇಟೆಗಳಿಂದ ಬಂದವರು: ರೈತರ ಮಕ್ಕಳು, ನೇಕಾರರ ಮಕ್ಕಳು, ಬಡಗಿಗಳ ಮಕ್ಕಳು. ಹೆಬಿಕ್ಕರು ವ್ಯಾಪಾರದಲ್ಲಿ ಪಳಗಿದ್ದವರು. ವಿದ್ಯಾಪೀಠದ ಪಾಂಡಿತ್ಯವುಳ್ಳ ಮೋಗ್ಲಿಂಗರಂಥವರು ಇದ್ದರಾದರೂ ಸಂಘದ ಸ್ವಭಾವವನ್ನು ನಿರ್ಣಯಿಸಿದ್ದು ಕೈಕಸುಬಿನವರ ಮನೋಧರ್ಮ. ಸೋಮಾರಿತನವೂ ಸುಳ್ಳು ಲೆಕ್ಕವೂ ಅವರ ದೃಷ್ಟಿಯಲ್ಲಿ ಒಂದೇ ಜಾತಿಯ ಪಾಪಗಳು.

ಇಲ್ಲಿ ಬಂದು ಅವರು ಕಂಡದ್ದೇನು? ದೀಕ್ಷಾಸ್ನಾನ ಪಡೆದವನು ಅಂದೇ ಮನೆಯನ್ನು ಕಳೆದುಕೊಳ್ಳುತ್ತಿದ್ದನು. ಬಾವಿಯನ್ನು, ಒಕ್ಕಲುತನದ ಗದ್ದೆಯನ್ನು, ಸಾಲ ಕೊಡುವ ಶೆಟ್ಟಿಯನ್ನು ಕಳೆದುಕೊಳ್ಳುತ್ತಿದ್ದನು. ನಮ್ಮಲ್ಲಿ ಜಾತಿಯೆಂಬುದು ಊಟ ಮದುವೆಗಳ ಕಟ್ಟಳೆ ಮಾತ್ರವಲ್ಲ, ಅದು ಕಸುಬಿನ ಕಟ್ಟಳೆಯೂ ಹೌದಷ್ಟೆ. ಜಾತಿ ಹೋದರೆ ಕಸುಬು ಹೋಯಿತು. ಕರಾವಳಿಯಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರ ವಾಡಿಕೆಯ ಕೆಲಸಗಳಲ್ಲಿ ಮೂರ್ತೆಗಾರಿಕೆ, ಅಂದರೆ ಕಳ್ಳಿಳಿಸುವುದು, ಒಂದು. ಕಳ್ಳು ಸಾರಾಯಿಯ ವ್ಯವಹಾರವನ್ನು ಮಿಷನ್ನು ಒಪ್ಪಲಿಲ್ಲ. ಆದ್ದರಿಂದ ಮನುಷ್ಯನಿಗೆ ಊರು ಒಂದು ಕಡೆಯಿಂದ ಕೆಲಸವನ್ನು ಕಿತ್ತುಕೊಂಡರೆ, ಅವನ ಹೊಸ ನಂಬಿಕೆಯೇ ಇನ್ನೊಂದು ಕಡೆಯಿಂದ ಕಿತ್ತುಕೊಂಡಂತಾಯಿತು. ಅವನಿಗೆ ಅನ್ನ ಹಾಕುವವರಾರು? ಮಿಷನ್ನೇ ಹಾಕುತ್ತ ಬಂದರೆ, ಅನ್ನಕ್ಕಾಗಿ ಮತ ಬಿಟ್ಟವರೆಂಬ ಮಾತು ನಿಜವೇ ಆಗುವುದು. ಹಾಕದಿದ್ದರೆ ಅವನು ಹಸಿದು ಸಾಯಬೇಕು, ಇಲ್ಲವೆ ಹಿಂದಿರುಗಬೇಕು.

ಮೊದಲು ಮಾಡಿದ ಪ್ರಯತ್ನಗಳು ಸೋತವು. ಬೇಸಾಯದ ನೆಲೆಯೊಂದನ್ನು ಗದಗಿನ ಹತ್ತಿರ ಮಲಸಮುದ್ರದಲ್ಲಿ ಮಾಡಿ ನೋಡಿದರು, ಅದು ಬೇರೂರಲಿಲ್ಲ. ಕಾಫಿ ತೋಟವನ್ನು ನೋಡಿದರು, ಗಡಿಯಾರದ ಕೆಲಸವನ್ನು ನೋಡಿದರು. ಗಡಿಯಾರ ಸ್ವಿಸ್ ಜನರ ಹೆಮ್ಮೆಯ ಕಸುಬು, ಸರಿ. ಆದರೆ ಸೂರ್ಯನನ್ನು ನೋಡಿ ಹೊತ್ತು ಹೇಳುವ ಜನರ ನಡುವೆ ಗಡಿಯಾರದ ಅಂಗಡಿಯಿಂದ ಎಷ್ಟು ಸಂಸಾರಗಳು ಬದುಕಿಯಾವು? ಕೊನೆಗೆ ಕೈಹಿಡಿದದ್ದು ನೇಯ್ಗೆ. ಅದೂ 1844ರ ಸುಮಾರಿಗೆ ಮೊದಲಾಗಿ ಕುಂಟುತ್ತಲೇ ಇದ್ದು, 1851ರಲ್ಲಿ ಹಾಲರ್ ಎಂಬ, ನೇಯ್ಗೆಯಲ್ಲಿಯೇ ಶಿಕ್ಷಣ ಪಡೆದ ಮನುಷ್ಯನು ಬಂದ ಮೇಲೆ ನೆಟ್ಟಗೆ ನಿಂತಿತು. ಆತನು ಯೂರೋಪಿನ ಮಾದರಿಯ ಮಗ್ಗವನ್ನೂ ಹಾರುವ ಲಾಳಿಯನ್ನೂ ತಂದನು. ಬಣ್ಣದ ಕೆಲಸವನ್ನು ಏರ್ಪಡಿಸಿದನು. ಖಾಕಿ ಬಣ್ಣವು ಮಂಗಳೂರಿನ ಬಲ್ಮಠದಲ್ಲಿ ಈ ಹಾಲರನ ಕೈಯಿಂದಲೇ ಹುಟ್ಟಿತೆಂದು ಅಲ್ಲಿಯವರು ಹೇಳುವುದುಂಟು. ಪೇಷಾವರದ ಕಡೆಯ ಗೈಡ್ಸ್ ದಳದವರು 1840ರ ದಶಕದಲ್ಲಿಯೇ ಮಣ್ಣುಬಣ್ಣದ ಉಡುಪನ್ನು ತೊಟ್ಟಿದ್ದರಾದ್ದರಿಂದ ಹುಟ್ಟಿನ ಕೀರ್ತಿಯನ್ನು ಮಂಗಳೂರಿಗೆ ಪೂರ್ತಿಯಾಗಿ ಕೊಡಲು ನಾವು ಹಿಂದೆಗೆಯುತ್ತೇವೆ. ಮಿಷನ್ನಿನ ಬಟ್ಟೆಗೆ ಪೇಟೆಯಲ್ಲಿ ಬೆಲೆ ಬಂದುದಕ್ಕೆ ಕಾರಣ ಬೇರೆ: ಒಗೆದರೆ ಬಣ್ಣ ಹೋಗುತ್ತಿರಲಿಲ್ಲ, ಅಳೆದರೆ ಮೊಳ ಕಡಮೆಯಾಗುತ್ತಿರಲಿಲ್ಲ.

ಅಚ್ಚಿನ ಕೆಲಸ ಇದಕ್ಕೂ ಮೊದಲಿನದು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ನಿಂತಿತು. ಅಲ್ಲಿಂದಲೇ 1843ರ ಜುಲೈ 1ರಂದು ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಟಿತು. ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋದುದಕ್ಕೆ ಒಂದು ಕಾರಣ, ಅಲ್ಲಿ ಲಂಡನ್ ಮಿಷನ್ನಿನವರಲ್ಲಿ ಅಚ್ಚಿನ ಮೊಳೆಗಳಿದ್ದುದು. ಮುಂದೆ ಇದೇ ಮಂಗಳೂರಿನ ಅಚ್ಚುಕೂಟದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಿದ್ದಿತು. ಸುಮಾರು 70,000 ಶಬ್ದಗಳ ಆ ಗ್ರಂಥದ ಕೀರ್ತಿ ಕಿಟ್ಟೆಲರಿಗೆ ಸಂದಿದೆ, ಸಲ್ಲತಕ್ಕದ್ದೇ. ಆದರೆ ಕನ್ನಡ, ನಾಗರಿ, ರೋಮನ್ ಲಿಪಿಗಳ ಮೊಳೆಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ, ತಲೆಕೆಳಗಾದ ಅಕ್ಷರವನ್ನು ಕಣ್ಣಿನಲ್ಲಿಯೇ ನೆಟ್ಟಗೆ ಓದಿ ತಿದ್ದಿದ ಅಚ್ಚಾಳುಗಳ ಹೆಸರು ಮುಖಪುಟದ ಮೇಲಿಲ್ಲ. ನಂಬಿಕೆಯು ದುಡಿಮೆಯೊಳಗೆ ಇಳಿಯಿತೆಂದು ಹೇಳಬೇಕಾದರೆ ಅಂಥ ಕೆಲಸದಲ್ಲಿ ಹುಡುಕಬೇಕೆಂದು ನಮಗೆ ತೋರುತ್ತದೆ.

ಹೆಂಚಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಒಂದರೊಳಗೊಂದು ಕೊಂಡಿಯಾಗಿ ಕೂಡುವ ಹೆಂಚನ್ನು ಆಲ್ಸೇಸಿನ ಆಲ್ಟ್‌ಕಿರ್ಶ್ ಎಂಬ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಕಂಡುಹಿಡಿದಿದ್ದರು. ಆ ಊರು ಬಾಸೆಲಿಗೆ ನೆರೆ. ಅಚ್ಚುಕೂಟದ ಯಂತ್ರ ನೋಡಿಕೊಳ್ಳಲು ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ಎಂಬಾತನು ನೇತ್ರಾವತಿಯ ದಡದ ಜೇಡಿಯನ್ನು ನೋಡಿ, ಅದು ಹೆಂಚಿಗೆ ತಕ್ಕದ್ದೆಂದು ಗೊತ್ತುಹಚ್ಚಿ, 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದನು. ಇಬ್ಬರು ಆಳು, ಒಂದು ಜೊತೆ ಎತ್ತು ಮೊದಲ ಬಂಡವಾಳವೆಂದು ಹೇಳುತ್ತಾರೆ. ಜೇಡಿಯನ್ನು ತಂದು ಹದಕ್ಕೆ ಬಿಡಬೇಕು, ಕಲ್ಲು ಬೇರುಗಳನ್ನು ತೆಗೆಯಬೇಕು, ಅರೆಯಬೇಕು, ಒತ್ತುಯಂತ್ರದಲ್ಲಿ ಅಚ್ಚು ಹಾಕಬೇಕು, ಅಂಚನ್ನು ಕೊಯ್ದು ನೆರಳಿನಲ್ಲಿ ಒಣಗಿಸಬೇಕು, ಆಮೇಲೆ ಆವಿಗೆಯಲ್ಲಿ ಸುಡಬೇಕು. ಈ ಪ್ರತಿಯೊಂದು ಹಂತದಲ್ಲಿಯೂ ಮೋಸಕ್ಕೆ ಅವಕಾಶವುಂಟು. ಹದ ಬಾರದ ಮಣ್ಣನ್ನು ಅವಸರದಲ್ಲಿ ಒತ್ತಬಹುದು, ಒಂದು ದಿನ ಮೊದಲೇ ಆವಿಗೆಗೆ ತುಂಬಬಹುದು, ಸೌದೆ ಉಳಿಸಬಹುದು. ಕಾರ್ಖಾನೆಯ ಅಂಗಳದಲ್ಲಿ ಅಂಥ ಹೆಂಚಿಗೂ ಒಳ್ಳೆಯ ಹೆಂಚಿಗೂ ಭೇದ ಕಾಣುವುದು ಕಷ್ಟ. ಭೇದ ಕಾಣುವುದು ಆಷಾಢದ ನಡುರಾತ್ರಿಯಲ್ಲಿ, ಕರಾವಳಿಯ ಮಳೆ ಹೊಡೆಯುವಾಗ, ಯಾರದೋ ಮನೆಯ ತೊಟ್ಟಿಲ ಮೇಲೆ.

ಆ ಹೆಂಚಿನ ಮೈಮೇಲೆ ಮಿಷನ್ನಿನ ಹೆಸರು ಅಚ್ಚೊತ್ತಿರುತ್ತಿತ್ತು. ಹಳೆಯ ಮನೆಗಳನ್ನು ಇಳಿಸುವಾಗ ಅಂಥವು ಇಂದಿಗೂ ಸಿಕ್ಕುತ್ತವೆ. ವ್ಯಾಪಾರದ ಗುರುತೆಂದು ನಾವು ಇದನ್ನು ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಹೆಸರನ್ನು ಒತ್ತಿದ ಮೇಲೆ ಸೋರಿದ ಹೆಂಚಿಗೆ ಉತ್ತರ ಹೇಳಬೇಕಾದವರು ಯಾರೆಂದು ಊರಿಗೆಲ್ಲ ತಿಳಿಯುತ್ತದೆ. ಮುಂದೆ ಕಲ್ಲಿಕೋಟೆ, ಕುದ್ರೋಳಿ, ಮಲ್ಪೆ, ಒಲವಕ್ಕೋಡು, ಕೊಡಕ್ಕಲ್ಲುಗಳಲ್ಲಿ ಕಾರ್ಖಾನೆಗಳು ಎದ್ದವು. ಮಂಗಳೂರಿನ ಇತರ ವರ್ತಕರೂ ಅದೇ ಕೈಗಾರಿಕೆಗೆ ಇಳಿದರು. ಹೆಂಚು ಏಡನ್ನಿಗೂ ಪೂರ್ವ ಆಫ್ರಿಕಕ್ಕೂ ಹಡಗು ಹತ್ತಿತು.

ಕಾರ್ಖಾನೆಯ ದಿನಚರಿ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಗಂಟೆ ಹೊಡೆದಾಗ ಬರಬೇಕು, ಗಂಟೆ ಹೊಡೆದಾಗ ಹೋಗಬೇಕು. ಕೂಲಿ ಗೊತ್ತಾದ ದಿನ ಕೈಸೇರುತ್ತಿತ್ತು. ಕಾಯಿಲೆಯ ಕಾಲಕ್ಕೆಂದು ನಿಧಿ, ಉಳಿತಾಯಕ್ಕೆಂದು ಏರ್ಪಾಡು ಇದ್ದವು. ಕೂಲಿಯನ್ನು ಧಾನ್ಯದಲ್ಲಿ, ಅದೂ ಒಡೆಯನ ಮರ್ಜಿ ಬಂದಾಗ ಪಡೆದು ಬಂದವರಿಗೆ ಇದು ಸಣ್ಣ ಸಂಗತಿಯಲ್ಲ. ಹಲವು ಜಾತಿಗಳಿಂದ ಬಂದವರು, ಕ್ರೈಸ್ತರಲ್ಲದವರೂ, ಒಂದೇ ಚಾವಡಿಯಲ್ಲಿ ದುಡಿದರು. ವ್ಯಾಪಾರಕ್ಕೆಂದು 1859ರಲ್ಲಿ ಬಾಸೆಲಿನಲ್ಲಿ ಬೇರೆಯಾಗಿಯೇ ಒಂದು ಕಂಪನಿ ಕಟ್ಟಿದರು. ಪಾಲುಗಾರರಿಗೆ ಮಿತವಾದ ಲಾಭ, ಉಳಿದದ್ದು ಮಿಷನ್ನಿನ ಕೆಲಸಕ್ಕೆ ಎಂಬುದು ಅದರ ಕಟ್ಟಳೆ. ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಈಗಿನ ಘಾನಾದಲ್ಲಿ, ಇತರ ಯೂರೋಪಿಯನ್ ವರ್ತಕರು ಸಾರಾಯಿಯಿಂದ ಹಣ ದೋಚುತ್ತಿದ್ದಾಗ ಈ ಕಂಪನಿ ಸಾರಾಯಿಯನ್ನು ಮಾರುವುದಿಲ್ಲವೆಂದು ನಿಂತಿತು. ಕರಾವಳಿಯ ಬಡ ಬಿಲ್ಲವನಿಗೆ ಹಾಕಿದ ಕಟ್ಟಳೆಯನ್ನು ತಮ್ಮ ಲಾಭಕ್ಕೂ ಹಾಕಿಕೊಂಡರು ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

ಆದರೆ ಈ ಚಿತ್ರಕ್ಕೆ ನೆರಳೂ ಉಂಟು. ಕೂಲಿ ಕೊಡುವವನೂ ಪಾಪ ಕ್ಷಮೆಯ ಮಾತನ್ನು ಹೇಳುವವನೂ ಒಂದೇ ಬಳಗದವರಾದಾಗ ದುಡಿಯುವವನ ಗತಿಯೇನು? ಕುಡಿದು ಸಿಕ್ಕಿಬಿದ್ದವನಿಗೆ, ಮನೆಯಲ್ಲಿ ಭೂತಕ್ಕೆ ಹರಕೆ ಸಲ್ಲಿಸಿದವನಿಗೆ, ಸಭೆಯ ಶಿಕ್ಷೆಯ ಹಿಂದೆ ಕೆಲಸದ ಭಯವೂ ನಿಂತಿರುತ್ತಿತ್ತು. ಕೂಲಿ ಹೆಚ್ಚಿಸಿರೆಂದು ಕೇಳುವುದು ಗುರುವಿಗೆ ಎದುರಾಡಿದಂತೆ ತೋರುತ್ತಿತ್ತು. ಮಿಷನ್ನಿನೊಳಗೇ, ಕಾರ್ಖಾನೆಗಳು ಆತ್ಮದ ಕೆಲಸವನ್ನು ನುಂಗಿಬಿಡುತ್ತವೆಂದು ಅಂಜಿದ ಪಾದ್ರಿಗಳಿದ್ದರು. ಅವರ ಅಂಜಿಕೆ ಬೇರೆಯ ಕಡೆಗೆ ತಿರುಗಿದ್ದಿತು. ಆಳು ಅಧೀನನಾಗುತ್ತಾನೆಂಬುದು ಅವರನ್ನು ಅಷ್ಟಾಗಿ ಬಾಧಿಸಲಿಲ್ಲ. ನಾವಾದರೋ, ಆ ವ್ಯವಸ್ಥೆಯ ದೊಡ್ಡ ಕೊರತೆ ಅಲ್ಲಿಯೇ ಇದ್ದಿತೆಂದು ಎಣಿಸುತ್ತೇವೆ. ಪ್ರಾಮಾಣಿಕತೆಯನ್ನು ಆಳಿನಿಂದ ಕೇಳಿದಷ್ಟು ಸುಲಭವಾಗಿ ಆಳು ಅದನ್ನು ಒಡೆಯನಿಂದ ಕೇಳುವಂತಿರಲಿಲ್ಲ. 1914ರ ಯುದ್ಧ ಬಂದು ಜರ್ಮನ್ ಪಾದ್ರಿಗಳು ಸೆರೆಗೆ ಸೇರಿದರು. ಯುದ್ಧ ಮುಗಿಯುವ ಹೊತ್ತಿಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಅಲ್ಲಿಗೆ ಗುರು ಬೇರೆ, ಒಡೆಯ ಬೇರೆ ಎಂದಾಯಿತು. ಆದದ್ದು ಯಾರ ವಿವೇಕದಿಂದಲೂ ಅಲ್ಲ.

ಇನ್ನು ನಾವು ಬಯಲುಸೀಮೆಗೆ ಮರಳೋಣ. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳವರೆಗೆ ಬಾಸೆಲಿನವರು ಬಂದರು; ದೋಆಬು ಅವರ ಪಾಲಿಗೆ ಬರಲಿಲ್ಲ. ರಾಯಚೂರು 1853ರಿಂದ 1860ರ ವರೆಗಿನ ಏಳು ವರ್ಷಗಳನ್ನು ಬಿಟ್ಟರೆ ನಿಜಾಮರ ಸೀಮೆ. ಮುದಗಲ್ಲಿನಲ್ಲಿ ಆದಿಲಶಾಹಿಯ ಕಾಲದಿಂದ ಬಂದ ರೋಮನ್ ಕ್ಯಾಥೊಲಿಕ್ ಸಭೆ ಇದ್ದಿತು. ರಾಯಚೂರಿನ ಕಡೆ ಅನಂತರ ಅಮೆರಿಕದ ಮೆಥೋಡಿಸ್ಟರು ಕೆಲಸಮಾಡಿದರು. 1871ರಲ್ಲಿ ಬೊಂಬಾಯಿಯ ರೈಲೂ ಮದರಾಸಿನ ರೈಲೂ ರಾಯಚೂರಿನಲ್ಲಿ ಕೂಡಿದವು. ಆದರೂ ಯರಗೇರಾದಂಥ ಊರಿನಲ್ಲಿ ಮಂಗಳೂರು ಹೆಂಚಿಗೆ ಏನು ಕೆಲಸ? ಮಳೆ ಕಡಮೆ, ಮಾಡು ಮಣ್ಣಿನದು. ಕಾರ್ಖಾನೆಯೆಂಬ ಉಪಾಯ ಇಲ್ಲಿ ಸಾಗದು. ಇಲ್ಲಿ ಪ್ರಶ್ನೆ ಊರಿನ ಆಯದ ಕಣದಲ್ಲಿಯೇ ಬಗೆಹರಿಯಬೇಕಾಗಿದ್ದಿತು.

ಆ ಪ್ರಶ್ನೆಯ ತೀಕ್ಷ್ಣತೆ ನಮಗೆ ಚೆನ್ನಾಗಿ ಕಾಣುವುದು ನೆರೆಯ ತೆಲುಗುನಾಡಿನ ಒಂಗೋಲಿನಲ್ಲಿ. 1866ರಲ್ಲಿ ಅಲ್ಲಿಗೆ ಬಂದ ಜಾನ್ ಕ್ಲೌ ಎಂಬ ಅಮೆರಿಕದ ಬ್ಯಾಪ್ಟಿಸ್ಟ್ ಪಾದ್ರಿಯ ಬಳಿಗೆ ಮಾದಿಗ ಸಮುದಾಯದವರು ಗುಂಪುಗುಂಪಾಗಿ ಬಂದರು. ಆತನು ಹಾಕಿದ ಕಟ್ಟಳೆ ಮೂರೇ: ಭಾನುವಾರ ದುಡಿಯಕೂಡದು, ಸತ್ತ ದನವನ್ನು ತಿನ್ನಕೂಡದು, ವಿಗ್ರಹಕ್ಕೆ ಪೂಜೆ ಮಾಡಕೂಡದು. ಕೇಳಲು ಇವು ಮತದ ಮಾತುಗಳು. ಊರಿನಲ್ಲಿ ಇವು ದುಡಿಮೆಯ ಮಾತುಗಳಾದವು. ಮಾದಿಗನು ಊರಿನ ಚಾಕರ. ಕರೆದಾಗ ಬರಬೇಕು, ಕಪಿಲೆಗೆ ತೊಗಲು, ನೇಗಿಲಿಗೆ ಮಿಣಿ, ಒಕ್ಕಲಿಗನ ಕಾಲಿಗೆ ಕೆರ ಒದಗಿಸಬೇಕು, ಜಾತ್ರೆಯಲ್ಲಿ ಹಲಗೆ ಬಾರಿಸಬೇಕು. ಸುಗ್ಗಿಯಲ್ಲಿ ಅದಕ್ಕೆ ಪ್ರತಿಯಾಗಿ ಕಣದಿಂದ ಧಾನ್ಯ ಸಲ್ಲಬೇಕು. ಸುಗ್ಗಿಯ ಭಾನುವಾರ ಬರುವುದಿಲ್ಲವೆಂದರೆ, ದೇವಿಯ ಮುಂದೆ ಹಲಗೆ ಬಾರಿಸುವುದಿಲ್ಲವೆಂದರೆ, ಆ ಧಾನ್ಯ ನಿಂತಿತು. ಬಾವಿಗೂ ಮೇವಿನ ನೆಲಕ್ಕೂ ಬೇಲಿ ಬಿದ್ದಿತು. ಎಷ್ಟೋ ಊರುಗಳಲ್ಲಿ ಹಾಗಾಯಿತು. ಕ್ರಮೇಣ ಒಡೆಯರೂ ಹೊಂದಿಕೊಂಡರು, ಏಕೆಂದರೆ ಕೆರ ಹೊಲಿಯುವವನಿಲ್ಲದೆ, ಕಪಿಲೆ ಕಟ್ಟುವವನಿಲ್ಲದೆ ಒಕ್ಕಲುತನ ನಡೆಯದು. ಮೂವತ್ತು ಆಳುಗಳ ಕಾರ್ಖಾನೆಯಲ್ಲಿ ಪ್ರಾರ್ಥನೆಮಾಡಿ ಕೆಲಸಕ್ಕೆ ತೊಡಗುವುದಕ್ಕಿಂತ, ಒಬ್ಬನೇ ನಿಂತು ಊರಗೌಡನಿಗೆ ‘ಇಂದು ಬಾರೆ’ ಎಂದು ಹೇಳುವುದು ಕಠಿನ. ಇಲ್ಲಿ ನಂಬಿಕೆಗೆ ಬೆಲೆ ಕೊಟ್ಟವನು ದುಡಿಯುವವನೇ.

ಆಮೇಲೆ 1876ರಿಂದ 1878ರ ವರೆಗಿನ ಮಹಾಕ್ಷಾಮ ಬಂದಿತು. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನಡುಗುತ್ತ ನೆನೆಯುತ್ತಿದ್ದ ಕಾಲ. ಬಳ್ಳಾರಿ, ರಾಯಚೂರು, ಮೈಸೂರುಸೀಮೆ ಎಲ್ಲವೂ ಬೆಂದವು. ಕ್ಲೌ ಅವರು ಬಕಿಂಗ್‌ಹ್ಯಾಮ್ ಕಾಲುವೆಯ ಮೂರೂವರೆ ಮೈಲಿಯನ್ನು ತೋಡಿಸುವ ಗುತ್ತಿಗೆಯನ್ನು ತಾವೇ ಹಿಡಿದು, ಸಾವಿರಾರು ಮಂದಿಗೆ ಕೂಲಿ ಒದಗಿಸಿದರು. ಪಾದ್ರಿ ಗುತ್ತಿಗೆದಾರನಾಗುವುದೆ ಎಂದು ನಗುವವರಿಗೆ ಒಂದು ಮಾತು. ಕ್ಷಾಮ ಮುಗಿಯುವ ತನಕ ಅವರು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೇಳಿದವರು ಸಾವಿರಾರು ಮಂದಿ. ಅಕ್ಕಿಯ ಆಸೆಗೆ ಬಂದವರೆಂಬ ಸಂಶಯಕ್ಕೆ ಎಡೆಯಿರಬಾರದೆಂದು ತಡೆದರು. ಕೂಲಿಯ ಲೆಕ್ಕ ಮುಗಿದ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ದೀಕ್ಷೆ ಪಡೆದರು. ಆ ಸಂಖ್ಯೆಯನ್ನು ಮಿಷನ್ನಿನ ಪುಸ್ತಕಗಳು ಹೆಮ್ಮೆಯಿಂದ ಅಚ್ಚುಹಾಕುತ್ತವೆ. ನಮಗೆ ಅದಕ್ಕಿಂತ ಅದರ ಹಿಂದಿನ ತಿಂಗಳುಗಳ ತಡೆಯೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಸತ್ತ ದನದ ಮಾತು ಕ್ರೈಸ್ತರೊಬ್ಬರದೇ ಅಲ್ಲವೆಂಬುದನ್ನೂ ಸೇರಿಸಬೇಕು. 1927ರಲ್ಲಿ ಮಹಾಡದಲ್ಲಿ ಡಾಕ್ಟರ್ ಅಂಬೇಡ್ಕರರು ತಮ್ಮ ಜನರಿಗೆ ಅದನ್ನು ಬಿಡಿರೆಂದು ಕರೆಕೊಟ್ಟರು. ಬೇರೆ ದಾರಿಯಿಂದ ಬಂದವರು ಅದೇ ಕಣದಲ್ಲಿ ಅದೇ ಮಾತನ್ನು ಹೇಳಿದರು.

ಇಷ್ಟಾದ ಮೇಲೆ, ಗಣರಾಜ್ಯದ ಕಾಲದಲ್ಲಿ, ಈ ಹಳೆಯ ಇಕ್ಕಟ್ಟು ಹೊಸ ವೇಷದಿಂದ ಬಂದಿದೆ. 1950ರ ರಾಷ್ಟ್ರಪತಿಯ ಆಜ್ಞೆಯ ಪ್ರಕಾರ ಪರಿಶಿಷ್ಟ ಜಾತಿಯವನೆಂಬ ಎಣಿಕೆ ಹಿಂದುಗಳಿಗೆ ಸಂದಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ಸಲ್ಲಲಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಒಂದನೆಯ ಪ್ರವರ್ಗದಲ್ಲಿ ಸೇರಿಸಿದ್ದಾರೆ. ಸಭೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವವರು ದೇಶದಲ್ಲಿ ಅನೇಕರಿದ್ದಾರೆ. ಇದನ್ನು ಸುಳ್ಳೆಂದು ಬೈಯುವುದು ಸುಲಭ. ನಂಬಿಕೆ ಬದಲಾದ ಮಾತ್ರಕ್ಕೆ ಊರು ಅವನನ್ನು ಕೂರಿಸುವ ಜಾಗವನ್ನು ಬದಲಾಯಿಸಲಿಲ್ಲವೆಂಬುದು ಒಂದು ವಾದ. ಜಾತಿಯ ಕಾಲದಿಂದ ಬಂದ ನೆರವು ಜಾತಿಯನ್ನು ಒಪ್ಪದ ಮತಗಳಿಗೆ ಸಲ್ಲದೆಂಬುದು ಇನ್ನೊಂದು. ಈ ವಿಷಯವನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಕೆಲಸಕ್ಕೆ ಅರ್ಜಿ ಹಾಕುವ ತರುಣನು ಮಾತ್ರ, ರಾಯಚೂರಿನಲ್ಲಾಗಲಿ ಒಂಗೋಲಿನಲ್ಲಾಗಲಿ, ಮತವೆಂಬ ಸಾಲಿನ ಮುಂದೆ ಬರೆಯಬೇಕಾದ ಒಂದು ಶಬ್ದವನ್ನು ತಾನೊಬ್ಬನೇ ಕುಳಿತು ಬರೆಯುತ್ತಾನೆ.